ಗ್ಲೂಕೋಸ್ ಬಾಟಲಿಗೆ ಬ್ಯಾಚ್ ನಂಬರ್ ಇದೆ, ಐಸಿಯು ಯಂತ್ರದ ಸಾಫ್ಟ್‌ವೇರ್‌ಗೆ?

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯದ ಕಣ್ಣು ಒಂದು ಬಾಟಲಿಯ ಮೇಲೆ ಬಿತ್ತು. ರಿಂಗರ್ ಲ್ಯಾಕ್ಟೇಟ್, ಅಂದರೆ ನಮ್ಮ ಜನ ಗ್ಲೂಕೋಸ್ ಅಂತಲೇ ಕರೆಯುವ ಐವಿ ದ್ರಾವಣ. ಯಾವ ಕಂಪನಿಯದ್ದು, ಯಾವ ಬ್ಯಾಚು, ಯಾವ ಗೋದಾಮಿನಿಂದ ಬಂತು? ಎಲ್ಲರೂ ಕೇಳಿದರು. ಪಶ್ಚಿಮ ಬಂಗಾಳದ ಕಂಪನಿಯ ಹೆಸರು ಹೊರಗೆ ಬಂತು. ರಾಜ್ಯದ ಪ್ರಯೋಗಾಲಯ ಹಲವು ಬ್ಯಾಚ್‌ಗಳನ್ನು ಕಳಪೆ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಕೆಲವನ್ನು ಸರಿಯಿದೆ ಎಂದಿತ್ತು ಅನ್ನೋದೂ ಗೊತ್ತಾಯಿತು. ಔಷಧ ನಿಯಂತ್ರಕರ ಅಮಾನತಾಯಿತು. ಹೋದ ಜೀವ ವಾಪಸ್ ಬರಲಿಲ್ಲ, ನಿಜ. ಆದರೆ ಜಗಳ ಮಾಡೋಕೆ ಒಂದು ಆಧಾರವಾದರೂ ಇತ್ತು: ಬಾಟಲಿಗೆ ಅಂಟಿಸಿದ ಆ ಚೀಟಿ.

ಈಗ ಅದೇ ಬಾಟಲಿಯ ಕೊಳವೆ ಹಿಡಿದು ಕೆಳಗೆ ಬನ್ನಿ. ಐಸಿಯು ಆಗಿದ್ದರೆ ನಡುವೆ ಒಂದು ಇನ್‌ಫ್ಯೂಷನ್ ಪಂಪ್ ಸಿಗುತ್ತೆ. ಗಂಟೆಗೆ ಎಷ್ಟು ಎಂಎಲ್ ಒಳಗೆ ಹೋಗಬೇಕು ಅಂತ ತೀರ್ಮಾನಿಸೋದು ಅದು. ಪಕ್ಕದಲ್ಲಿ ಮಾನಿಟರ್ ಇರುತ್ತೆ, ಆಚೆ ವೆಂಟಿಲೇಟರ್. ಮೂರರ ಒಳಗೂ ಸಾಫ್ಟ್‌ವೇರ್ ಇದೆ. ಅದರ ಆವೃತ್ತಿ ಎಷ್ಟು, ಬರೆದವರು ಯಾರು, ಕೊನೆಯ ಬಾರಿ ಯಾವಾಗ ತಿದ್ದಿದರು, ಗೊತ್ತಿರುವ ದೋಷಗಳೇನು? ಇದಕ್ಕೆ ಚೀಟಿ ಇಲ್ಲ. ಕೇಳುವವರೂ ಇಲ್ಲ.

ವಿಚಿತ್ರ ಅಂದರೆ ಕಾನೂನಿನ ಕಣ್ಣಿಗೆ ಅದೂ ಔಷಧವೇ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಅದೇ ವರ್ಷದ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾಯ್ದೆಯ ಅಡಿ ಬರುತ್ತವೆ. ಆ ವ್ಯಾಖ್ಯಾನದೊಳಗೆ ಸಾಫ್ಟ್‌ವೇರ್ ಎಂಬ ಪದವೇ ಇದೆ. ಕಡಿಮೆ ಅಪಾಯದ ಎ, ಬಿ ವರ್ಗದ ಸಾಧನಗಳಿಗೆ 2022ರ ಅಕ್ಟೋಬರ್‌ನಿಂದ, ಹೆಚ್ಚು ಅಪಾಯದ ಸಿ, ಡಿ ವರ್ಗದವಕ್ಕೆ 2023ರ ಅಕ್ಟೋಬರ್‌ನಿಂದ ಲೈಸೆನ್ಸ್ ಕಡ್ಡಾಯವಾಯಿತು. ವೈದ್ಯಕೀಯ ಸಾಫ್ಟ್‌ವೇರ್‌ಗೆಂದೇ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಕರಡು ಮಾರ್ಗಸೂಚಿ ಹೊರಡಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಲೈಸೆನ್ಸ್ ಮೊದಲು ಬಂತು, ಏನನ್ನು ನೋಡಿ ಲೈಸೆನ್ಸ್ ಕೊಡಬೇಕು ಅನ್ನೋ ವಿವರ ಆಮೇಲೆ.

ನಾನು ಈ ವಿಷಯವನ್ನು ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯ ಕಡೆಯಿಂದ ನೋಡಲ್ಲ. ಅಲ್ಲಿ ಬಯೋಮೆಡಿಕಲ್ ಇಂಜಿನಿಯರ್ ಇದ್ದಾರೆ, ಐಟಿ ತಂಡ ಇದೆ, ಕಂಪನಿಯವರು ಒಂದು ಫೋನಿಗೆ ಓಡಿ ಬರ್ತಾರೆ. ಮನ್ನಾಏಖೇಳ್ಳಿಯ ಕಡೆಯಿಂದ ನೋಡೋಣ. ಬೀದರ್ ಜಿಲ್ಲೆ, ಹೈದರಾಬಾದ್–ಮುಂಬೈ ಹೆದ್ದಾರಿ ಮೇಲಿನ ಊರು, ಮೊದಲು ಹುಮನಾಬಾದ್ ತಾಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲೂಕು. ಹೆದ್ದಾರಿ ಊರು ಅಂದಮೇಲೆ ಅಪಘಾತ, ಎದೆನೋವು, ಹೆರಿಗೆ ಎಲ್ಲದಕ್ಕೂ ಮೊದಲ ಮೆಟ್ಟಿಲು ಹತ್ತಿರದ ಸರ್ಕಾರಿ ಆಸ್ಪತ್ರೆಯೇ. ಮುಂದಿನದು ಹುಮನಾಬಾದ್ ಅಥವಾ ಬೀದರ್‌ನ ಬ್ರಿಮ್ಸ್. ಅದೂ ಆಗದಿದ್ದರೆ ಹೈದರಾಬಾದ್, ಕಲಬುರಗಿ, ಸೊಲ್ಲಾಪುರ. ಇಂಥ ಊರಲ್ಲಿ ಯಂತ್ರಕ್ಕೆ ಎದುರಾಗೋದು ಹ್ಯಾಕರ್ ಸಿನಿಮಾ ಅಲ್ಲ ನೋಡ್ರಿ. ಕರೆಂಟ್ ಹೋಗುತ್ತೆ, ನೆಟ್‌ವರ್ಕ್ ಹೋಗುತ್ತೆ, ಬೇಸಿಗೆಯಲ್ಲಿ ಕೋಣೆ ಕಾಯುತ್ತೆ. ಶಿಫ್ಟ್ ಬದಲಾಗುವಾಗ ಹೊಸ ನರ್ಸ್ ಬರ್ತಾರೆ. ರೋಗಿಯ ಕಡೆಯವರು ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆಸಿ ಮಾತಾಡ್ತಾರೆ, ಯಂತ್ರ ಮಾತ್ರ ಇಂಗ್ಲಿಷಿನಲ್ಲಿ 'ಅಕ್ಲೂಷನ್' ಅಂತ ಬಡಕೊಳ್ಳುತ್ತೆ. ಒಂದು ಯಂತ್ರದ ವಿನ್ಯಾಸ ಒಳ್ಳೆಯದೋ ಕೆಟ್ಟದ್ದೋ ಅಂತ ತಿಳಿಯೋದು ಇಲ್ಲೇ.

ವಿನ್ಯಾಸ ಅಂದಾಗ ಪರದೆಯ ಬಣ್ಣ, ಬಟನ್ನಿನ ಅಂದ ಅಲ್ಲ. ಏನಾದರೂ ಕೆಟ್ಟಾಗ ಯಂತ್ರ ಏನು ಮಾಡಬೇಕು ಅಂತ ಮೊದಲೇ ತೀರ್ಮಾನಿಸಿಡೋದು. ಇಂಜಿನಿಯರಿಂಗ್‌ನಲ್ಲಿ ಆರ್ಕಿಟೆಕ್ಚರ್ ಅಂತೀವಿ. ಇದರ ಪಾಠ ಕಲಿಸಿದ್ದು ಒಂದು ಭಯಾನಕ ಯಂತ್ರ.

ಒಂದು ಕೀಲಿ, 8 ಸೆಕೆಂಡು

ಥೆರಾಕ್-25 ಎಂಬುದು ಕೆನಡಾದ ಸರ್ಕಾರಿ ಅಣುಶಕ್ತಿ ಕಂಪನಿ ತಯಾರಿಸಿದ್ದ ಕ್ಯಾನ್ಸರ್ ವಿಕಿರಣ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅದು ವಿಪರೀತ ಪ್ರಮಾಣದ ವಿಕಿರಣ ಕೊಟ್ಟಿತು. ಹಲವರು ಸತ್ತರು. ಅದಕ್ಕೂ ಹಿಂದಿನ ಮಾದರಿ ಥೆರಾಕ್-20ರಲ್ಲಿ ಅಪಾಯಕಾರಿ ಕಿರಣ ಹೊರಬರದಂತೆ ತಡೆಯುವ ಪ್ರತ್ಯೇಕ ಹಾರ್ಡ್‌ವೇರ್ ಬೀಗಗಳಿದ್ದವು. ಹೊಸದರಲ್ಲಿ ಅವನ್ನು ತೆಗೆದರು. ಸಾಫ್ಟ್‌ವೇರ್ ಇದೆಯಲ್ಲ, ಅದೇ ನೋಡಿಕೊಳ್ಳುತ್ತೆ ಅಂತ.

ಟೆಕ್ಸಾಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ 1986ರಲ್ಲಿ ಆಗಿದ್ದು ಇಷ್ಟು. ಆಪರೇಟರ್ 'ಇ' ಒತ್ತಬೇಕಿದ್ದಲ್ಲಿ 'ಎಕ್ಸ್' ಒತ್ತಿದರು. ಕೂಡಲೇ ತಪ್ಪು ಕಂಡು, ಕರ್ಸರ್ ಮೇಲಕ್ಕೆ ಒಯ್ದು ತಿದ್ದಿದರು. ಪರದೆಯಲ್ಲಿ ಎಲ್ಲ ಸರಿಯಾಗಿ ಕಂಡಿತು. ಆದರೆ ಯಂತ್ರದ ಆಯಸ್ಕಾಂತಗಳು ಹೊಂದಿಕೊಳ್ಳೋಕೆ ಬೇಕಾಗುವ ಸುಮಾರು 8 ಸೆಕೆಂಡಿನೊಳಗೆ ಈ ತಿದ್ದುಪಡಿ ಮುಗಿದರೆ, ಸಾಫ್ಟ್‌ವೇರಿನ ಒಂದು ಭಾಗಕ್ಕೆ ಅದು ತಿಳಿಯುತ್ತಲೇ ಇರಲಿಲ್ಲ. ಪರದೆ ಒಂದು ಹೇಳಿತು, ಕಿರಣ ಇನ್ನೊಂದು ಮಾಡಿತು. ಯಂತ್ರ ಕೊಟ್ಟ ಸೂಚನೆ 'ಮಾಲ್‌ಫಂಕ್ಷನ್ 54'. ಹಾಗಂದರೇನು ಅಂತ ಯಾರಿಗೂ ಗೊತ್ತಿಲ್ಲ. ಕೆಲಸದಲ್ಲಿ ಪಳಗಿದ ಆಪರೇಟರ್‌ಗಳು ವೇಗವಾಗಿ ಟೈಪ್ ಮಾಡ್ತಾರೆ, ಹಾಗಾಗಿ ದೋಷ ಸಿಕ್ಕಿದ್ದೂ ಪಳಗಿದವರ ಕೈಗೇ. ಕಂಪನಿ ಮಾತ್ರ ಅತಿ ವಿಕಿರಣ ಬರೋದು ಸಾಧ್ಯವೇ ಇಲ್ಲ ಎನ್ನುತ್ತಿತ್ತು. ಕೊನೆಗೆ ಆ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಆಪರೇಟರ್ ಸೇರಿ ಮತ್ತೆ ಮತ್ತೆ ಟೈಪ್ ಮಾಡಿ ಅದೇ ದೋಷವನ್ನು ಮರಳಿ ಬರಿಸಿ ತೋರಿಸಿದರು.

ಇನ್ನೊಂದು ದೋಷ ಇದಕ್ಕಿಂತ ಚಿಕ್ಕದು. ಒಂದು ಬೈಟಿನ ಎಣಿಕೆ. 255 ಆದಮೇಲೆ ಅದು ಮತ್ತೆ ಸೊನ್ನೆ ಆಗುತ್ತಿತ್ತು. ಸೊನ್ನೆ ಅಂದರೆ ಎಲ್ಲ ಸರಿಯಿದೆ, ಪರೀಕ್ಷೆ ಬೇಡ ಅಂತ ಅರ್ಥ. ಸರಿಯಾಗಿ ಆ ಕ್ಷಣದಲ್ಲೇ ಬಟನ್ ಒತ್ತಿದ್ದಕ್ಕೆ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಒಬ್ಬ ರೋಗಿ ಬಲಿಯಾದರು. ಕಾಲೇಜಿನ ಮೊದಲ ವರ್ಷದ ಸಿ ಲ್ಯಾಬಿನಲ್ಲಿ ನಾವೆಲ್ಲ ಇದೇ ತಪ್ಪು ಮಾಡಿ ಇಂಟರ್ನಲ್ಸ್‌ನಲ್ಲಿ ಎರಡು ಅಂಕ ಕಳೆದುಕೊಂಡವರೇ.

ಅಷ್ಟಾದರೂ ಆ ಎರಡು ಬಗ್‌ಗಳು ಮುಖ್ಯ ಅಲ್ಲ. ಹಳೆಯ ಥೆರಾಕ್-20ರಲ್ಲೂ ಟೈಲರ್‌ನಲ್ಲಿ ಸಿಕ್ಕಂಥದ್ದೇ ಬಗ್ ಇತ್ತು ಅಂತ ಆಮೇಲೆ ತಿಳಿಯಿತು. ಅಲ್ಲಿ ಫ್ಯೂಸ್ ಹಾರುತ್ತಿತ್ತು, ಯಾರೂ ಸಾಯಲಿಲ್ಲ. ಬಗ್ ಇಲ್ಲದ ಸಾಫ್ಟ್‌ವೇರ್ ಯಾರೂ ಬರೆಯೋಕಾಗಲ್ಲ. ಬಗ್ ಬಂದಾಗಲೂ ಕೊಲ್ಲದಂಥ ಯಂತ್ರ ಕಟ್ಟಬಹುದು. ಚಿಕಿತ್ಸೆ ಕೊಡುವ ಭಾಗವನ್ನು ಕಾಯುವ ಭಾಗ ಬೇರೆಯೇ ಇರಬೇಕು, ಒಂದು ಕೆಟ್ಟರೆ ಇನ್ನೊಂದಕ್ಕೆ ಅದು ತಟ್ಟಬಾರದು, ಪರದೆಯ ಮಾತನ್ನು ನಂಬದೆ ಸೆನ್ಸರ್‌ನಿಂದಲೇ ಅಳೆದು ನೋಡಬೇಕು. ವೈದ್ಯಕೀಯ ಸಾಫ್ಟ್‌ವೇರ್‌ನ ಅಂತಾರಾಷ್ಟ್ರೀಯ ಮಾನದಂಡ ಐಇಸಿ 62304 ಕೂಡ 2006ರಿಂದ ಹೇಳ್ತಿರೋದು ಹೆಚ್ಚುಕಡಿಮೆ ಇದನ್ನೇ. ಯಾವ ಕೋಡ್ ಕೆಟ್ಟರೆ ಸಾವು ಅಥವಾ ಗಂಭೀರ ಗಾಯ ಸಾಧ್ಯವೋ ಅದನ್ನು ಸಿ ವರ್ಗಕ್ಕೆ ಹಾಕು, ಉಳಿದದ್ದರಿಂದ ಬೇರ್ಪಡಿಸು, ಬೇರ್ಪಟ್ಟಿದೆ ಅನ್ನೋದಕ್ಕೆ ಸಾಕ್ಷಿ ಇಡು.

ಕೆಟ್ಟಾಗ ಸುಮ್ಮನೆ ನಿಂತುಬಿಟ್ಟರೆ ಸಾಕಲ್ಲ ಅನ್ನಬಹುದು. ವಿಕಿರಣ ಯಂತ್ರಕ್ಕೆ ಸಾಕು. ವೆಂಟಿಲೇಟರ್ ನಿಂತರೆ? ಅಲ್ಲಿ ನಿಲ್ಲೋದೇ ಸಾವು. ಆಮ್ಲಜನಕದ ಒತ್ತಡ ಬಿದ್ದರೆ ಕೋಣೆಯ ಗಾಳಿಯನ್ನಾದರೂ ಕೊಡುತ್ತಿರಬೇಕು, ಮುಖ್ಯ ಪ್ರೊಸೆಸರ್ ಸತ್ತರೂ ಅಲಾರಂ ಕೂಗಲೇಬೇಕು, ಕರೆಂಟ್ ಹೋದರೆ ಒಳಗಿನ ಬ್ಯಾಟರಿ ಹಿಡಿದುಕೊಳ್ಳಬೇಕು. ಇನ್‌ಫ್ಯೂಷನ್ ಪಂಪ್ ಇನ್ನೂ ಕಷ್ಟದ್ದು. ಬರೀ ಸಲೈನ್ ಆದರೆ ನಿಲ್ಲಿಸಿ ಕೂಗು. ಬಿಪಿ ಎತ್ತಿ ಹಿಡಿಯುವ ಔಷಧ ಹೋಗ್ತಾ ಇದ್ದರೆ ನಿಲ್ಲಿಸಿದ ಕೆಲವೇ ನಿಮಿಷದಲ್ಲಿ ರೋಗಿ ಕುಸಿಯಬಹುದು. ಸುರಕ್ಷಿತ ಸ್ಥಿತಿ ಯಾವುದು ಅನ್ನೋದು ಯಂತ್ರಕ್ಕೊಂದು, ಕೆಲವೊಮ್ಮೆ ರೋಗಿಗೊಂದು.

2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯ ವಿಮ್ಸ್‌ನಲ್ಲಿ ಕರೆಂಟ್ ಕೈಕೊಟ್ಟ ದಿನ ಐಸಿಯುನಲ್ಲಿದ್ದ ರೋಗಿಗಳು ಸತ್ತರು. ವೆಂಟಿಲೇಟರ್ ನಿಂತಿದ್ದೇ ಕಾರಣ ಅಂತ ಮನೆಯವರು ಅಂದರು. ಅಲ್ಲ, ರೋಗವೇ ಉಲ್ಬಣಿಸಿತ್ತು ಅಂತ ಆಗಿನ ಸರ್ಕಾರ ಅಂದಿತು. ಸದನದಲ್ಲಿ ಗದ್ದಲವಾಯಿತು, ತನಿಖಾ ಸಮಿತಿ ರಚನೆಯಾಯಿತು. ಯಾರ ಮಾತು ನಿಜ ಅನ್ನೋದು ಆ ಪಕ್ಷ ಈ ಪಕ್ಷದ ವಾದದಿಂದ ತೀರ್ಮಾನ ಆಗಬೇಕಿಲ್ಲ. ಸರಿಯಾಗಿ ಕಟ್ಟಿದ ವೆಂಟಿಲೇಟರ್ ತನ್ನೊಳಗೇ ಒಂದು ದಿನಚರಿ ಬರೆಯುತ್ತೆ. ಎಷ್ಟು ಗಂಟೆಗೆ ಮೇನ್ಸ್ ಹೋಯಿತು, ಬ್ಯಾಟರಿ ಎಷ್ಟಿತ್ತು, ಅಲಾರಂ ಯಾವಾಗ ಕೂಗಿತು, ಯಾರಾದರೂ ಅದನ್ನು ಸುಮ್ಮನಾಗಿಸಿದರಾ, ಎಲ್ಲ ಅದರಲ್ಲಿರುತ್ತೆ. ವಿಮಾನದ ಬ್ಲ್ಯಾಕ್ ಬಾಕ್ಸ್ ಥರ. ಆ ಲಾಗ್ ಅಳಿಸೋಕೆ, ತಿದ್ದೋಕೆ ಬರದಂತೆ ಇದ್ದರೆ ಮನೆಯವರಿಗೂ ನ್ಯಾಯ, ಡಾಕ್ಟರಿಗೂ ನ್ಯಾಯ. ಇಲ್ಲದಿದ್ದರೆ ಡ್ಯೂಟಿಯಲ್ಲಿದ್ದ ಬಡ ನರ್ಸ್ ಮೇಲೆ ಎಲ್ಲ ಹೊರಿಸಿ ಫೈಲ್ ಮುಚ್ಚೋದು ಬಲು ಸುಲಭ.

ಸುರಕ್ಷತೆ ಬೇರೆ, ಭದ್ರತೆ ಬೇರೆ

ಇಲ್ಲಿವರೆಗೆ ಹೇಳಿದ್ದು ತಾನಾಗಿ ಕೆಡುವ ಯಂತ್ರದ ಕತೆ. ಯಾರೋ ಬೇಕೆಂದೇ ಒಳಗೆ ಕೈ ಹಾಕೋದು ಇನ್ನೊಂದು. ಮೊದಲನೆಯದಕ್ಕೆ ಸುರಕ್ಷತೆ ಅನ್ನೋಣ, ಎರಡನೆಯದಕ್ಕೆ ಭದ್ರತೆ. ನೆಟ್‌ವರ್ಕ್‌ಗೆ ಜೋಡಿಸಿದ ಮೇಲೆ ಎರಡೂ ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ.

2025ರ ಜನವರಿ 30ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಮತ್ತು ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟವು. ಚೀನಾದ ಕಾಂಟೆಕ್ ಕಂಪನಿಯ ಸಿಎಂಎಸ್8000 ಎಂಬ ಅಗ್ಗದ ರೋಗಿ ಮಾನಿಟರ್, ಕೋಡಿನೊಳಗೇ ಬರೆದಿಟ್ಟ ಒಂದು ಇಂಟರ್‌ನೆಟ್ ವಿಳಾಸವನ್ನು ತಾನಾಗಿ ಸಂಪರ್ಕಿಸುತ್ತೆ, ರೋಗಿಯ ವಿವರವನ್ನು ಗೂಢಲಿಪಿ ಇಲ್ಲದೆ ಹೊರಗೆ ಕಳಿಸುತ್ತೆ, ಅಲ್ಲಿಂದ ಫೈಲ್ ತಂದು ತನ್ನ ಮೇಲೇ ಬರೆದುಕೊಳ್ಳುತ್ತೆ ಎಂದು. ಆ ವಿಳಾಸ ಕಂಪನಿಯದ್ದಲ್ಲ, ಯಾವುದೋ ವಿಶ್ವವಿದ್ಯಾಲಯದ್ದು. ಅದೇ ಮಾನಿಟರ್ ಬೇರೆ ಹೆಸರಿನಲ್ಲೂ ಮಾರಾಟ ಆಗ್ತಿತ್ತು. ಇದು ಬೇಹುಗಾರಿಕೆ ಅಲ್ಲ, ಬೇಜವಾಬ್ದಾರಿ ವಿನ್ಯಾಸ ಅಂತ ಆಮೇಲೆ ಕೆಲ ಭದ್ರತಾ ಸಂಶೋಧಕರು ವಾದಿಸಿದರು. ಇರಬಹುದು. ಮಾನಿಟರಿಗೆ ಕಟ್ಟಿದ ರೋಗಿಗೆ ಎರಡರ ನಡುವೆ ಏನು ವ್ಯತ್ಯಾಸ? ಎಚ್ಚರಿಕೆ ಬಂದಾಗ ಅದಕ್ಕೆ ಸಾಫ್ಟ್‌ವೇರ್ ತಿದ್ದುಪಡಿಯೂ ಇರಲಿಲ್ಲ. ಎಫ್‌ಡಿಎ ಕೊಟ್ಟ ಸಲಹೆ: ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ವೈಫೈ ಆರಿಸಿ. ಹುಮನಾಬಾದಿನಲ್ಲೋ ಬಸವಕಲ್ಯಾಣದಲ್ಲೋ ಈ ಸಲಹೆ ಪಾಲಿಸಬೇಕಾದರೆ ಮೊದಲು ಆಸ್ಪತ್ರೆಯಲ್ಲಿ ಯಾವ ಮಾದರಿ, ಯಾವ ಆವೃತ್ತಿ ಇದೆ ಅಂತ ಬರೆದಿಟ್ಟ ಒಂದು ರಿಜಿಸ್ಟರ್ ಬೇಕು.

ಹೋಲಿಸಿ ನೋಡೋಕೆ ಒಳ್ಳೆಯ ಉದಾಹರಣೆಯೂ ಇದೆ. 2017ರ ಆಗಸ್ಟ್‌ನಲ್ಲಿ ಅಬಾಟ್ ಕಂಪನಿಯ ಪೇಸ್‌ಮೇಕರ್‌ಗಳಲ್ಲಿ ಭದ್ರತಾ ಲೋಪ ಕಂಡಿತು. ಅಮೆರಿಕ ಒಂದರಲ್ಲೇ ಸುಮಾರು 4,65,000. ಎದೆಯೊಳಗೆ ಹುದುಗಿಸಿದ್ದನ್ನು ಕುಯ್ದು ತೆಗೆಯಲಿಲ್ಲ, ಆಸ್ಪತ್ರೆಯಲ್ಲೇ ಕೂರಿಸಿ ಸಾಫ್ಟ್‌ವೇರ್ ಬದಲಿಸಿದರು. ಬದಲಿಸುವ ಆ ಮೂರು ನಿಮಿಷ ಪೇಸ್‌ಮೇಕರ್ ನಿಮಿಷಕ್ಕೆ 67 ಬಡಿತದ ಬ್ಯಾಕಪ್ ಸ್ಥಿತಿಯಲ್ಲಿ ಓಡುತ್ತಿತ್ತು. ತಿದ್ದುವ ಹೊತ್ತಿನಲ್ಲೂ ಹೃದಯ ನಿಲ್ಲಬಾರದು ಅಂತ ವರ್ಷಗಳ ಹಿಂದೆಯೇ ಯಾರೋ ಯೋಚಿಸಿಟ್ಟಿದ್ದರು. 2019ರಲ್ಲಿ ಮೆಡ್‌ಟ್ರಾನಿಕ್‌ನ ಕೆಲವು ಹಳೆಯ ಇನ್ಸುಲಿನ್ ಪಂಪ್‌ಗಳಲ್ಲಿ ಲೋಪ ಕಂಡಾಗ ಹೀಗೆ ಮಾಡಲಾಗಲಿಲ್ಲ. ಅವುಗಳಲ್ಲಿ ತಿದ್ದುವ ದಾರಿಯೇ ಇರಲಿಲ್ಲ, ಪಂಪನ್ನೇ ಬದಲಿಸಬೇಕಾಯಿತು.

ಹಾಗಂತ ಎಲ್ಲದಕ್ಕೂ ಬೀಗ ಹಾಕಿಬಿಡೋಣ ಅನ್ನೋದೂ ಅಪಾಯ. ಬ್ಯಾಂಕ್ ಆ್ಯಪ್ ಮೂರು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ಲಾಕ್ ಆಗುತ್ತೆ, ಆಗಲಿ. ರಾತ್ರಿ ಎರಡು ಗಂಟೆಗೆ ರೋಗಿ ಕುಸಿಯುತ್ತಿರುವಾಗ ಡಿಫಿಬ್ರಿಲೇಟರ್ ಪಾಸ್‌ವರ್ಡ್ ಕೇಳಿದರೆ? ತುರ್ತಿನಲ್ಲಿ ಯಾರು ಬೇಕಾದರೂ ತೆರೆಯುವಂತಿರಬೇಕು, ಯಾರು ತೆರೆದರು ಅಂತ ದಾಖಲೂ ಆಗಬೇಕು. ಇದನ್ನು ಯೋಚಿಸದೆ ಕೊಟ್ಟ ಭದ್ರತೆ ಏನಾಗುತ್ತೆ ಅಂತ ಯಾವುದೇ ವಾರ್ಡಿನಲ್ಲಿ ಕಾಣಬಹುದು: ಪಾಸ್‌ವರ್ಡ್ ಬರೆದ ಚೀಟಿಯನ್ನು ಯಂತ್ರದ ಹಣೆಗೇ ಅಂಟಿಸಿರ್ತಾರೆ. ನರ್ಸ್‌ಗಳನ್ನು ಬೈದು ಪ್ರಯೋಜನ ಇಲ್ಲ, ಅವರು ವಿನ್ಯಾಸಕಾರ ಬಿಟ್ಟ ತೂತಿಗೆ ತೇಪೆ ಹಾಕಿದ್ದಾರೆ ಅಷ್ಟೇ.

ನೆಟ್‌ವರ್ಕ್ ಕೈಕೊಟ್ಟರೆ ಏನಾಗುತ್ತೆ ಅಂತ ದೇಶ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ ನೋಡಿತು. ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿ ಹಲವು ದಿನ ಎಲ್ಲ ಕಾಗದದ ಮೇಲೆ ನಡೆಯಿತು. ಏಮ್ಸ್ ಆದ್ದರಿಂದ ಸುದ್ದಿ ಆಯಿತು. ಈಗ ನಮ್ಮ ರಾಜ್ಯದಲ್ಲೂ ಹೃದಯಾಘಾತದ ಚಿಕಿತ್ಸೆ ನೆಟ್‌ವರ್ಕ್ ಮೇಲೆ ನಿಂತಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆನ್‌ಲೈನ್‌ನಲ್ಲಿ ಹೋಗಿ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಓದಲ್ಪಟ್ಟು, ಕೆಲವೇ ನಿಮಿಷದಲ್ಲಿ ವರದಿ ವಾಪಸ್ ಬರುತ್ತೆ. ಹೃದಯಾಘಾತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಆಮೇಲೆ ದೊಡ್ಡ ಆಸ್ಪತ್ರೆ. ನಮ್ಮ ಭಾಗಕ್ಕೆ ಅಂದರೆ 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಉದ್ಘಾಟನೆಯಾದ 371 ಹಾಸಿಗೆಯ ಜಯದೇವ. (371ಜೆ ನೆನಪಿಗೆ 371 ಹಾಸಿಗೆ, ನಮ್ಮ ರಾಜಕಾರಣಿಗಳಿಗೆ ಸಂಖ್ಯೆಯ ಮೇಲೆ ಪ್ರೀತಿ ಜಾಸ್ತಿ.)

ಇದು ಒಳ್ಳೆಯ ಯೋಜನೆ, ನಾನು ಬೆಂಬಲಿಸ್ತೇನೆ. ಬೆಂಬಲಿಸೋದರಿಂದಲೇ ಪ್ರಶ್ನೆ ಕೇಳಬೇಕು. ನೆಟ್ ಇಲ್ಲದಾಗ ಯಂತ್ರ 'ಕಳಿಸಲಾಗಿಲ್ಲ' ಅಂತ ಗಟ್ಟಿಯಾಗಿ ಹೇಳುತ್ತಾ, ಸುಮ್ಮನೆ ಸುತ್ತುವ ಚಕ್ರ ತೋರಿಸುತ್ತಾ? ಒಂದೇ ಹೆಸರಿನ ಇಬ್ಬರು ರೋಗಿಗಳ ಇಸಿಜಿ ಅದಲುಬದಲಾಗದಂತೆ ತಡೆ ಏನಿದೆ? ಕೃತಕ ಬುದ್ಧಿಮತ್ತೆಯ ಮಾದರಿ ಬದಲಾದರೆ ಆಸ್ಪತ್ರೆಗೆ ತಿಳಿಸಲಾಗುತ್ತಾ?

ಬರೆಯೋರು ನಮ್ಮೋರೇ

ನನಗೆ ಹೆಚ್ಚು ಸಿಟ್ಟು ಬರೋದು ಇಲ್ಲಿ. ಈ ಜ್ಞಾನ ನಮ್ಮಲ್ಲಿ ಇಲ್ಲದ್ದಲ್ಲ. ಜಿಇ, ಫಿಲಿಪ್ಸ್, ಸೀಮೆನ್ಸ್‌ನಂಥ ಕಂಪನಿಗಳ ವೈದ್ಯಕೀಯ ತಂತ್ರಜ್ಞಾನ ಕೇಂದ್ರಗಳು ಬೆಂಗಳೂರಿನಲ್ಲಿವೆ. ಕೋವಿಡ್ ಹೊತ್ತಿಗೆ ಮೈಸೂರಿನ ಸ್ಕ್ಯಾನ್‌ರೇ ವಿನ್ಯಾಸದ ವೆಂಟಿಲೇಟರ್‌ಗಳನ್ನು ಬೆಂಗಳೂರಿನ ಬಿಇಎಲ್ ತಯಾರಿಸಿತು, ಆರ್ಡರ್ 30,000. ಬೀದರ್, ಭಾಲ್ಕಿ, ಕಲಬುರಗಿಯ ಇಂಜಿನಿಯರಿಂಗ್ ಕಾಲೇಜುಗಳಿಂದ ಹೊರಬಂದ ಹುಡುಗ ಹುಡುಗಿಯರು ಅಮೆರಿಕದ ಮಾರುಕಟ್ಟೆಗೆ ಹೋಗುವ ಯಂತ್ರಗಳಿಗೆ ಕೋಡ್ ಬರೀತಾರೆ. ಅಲ್ಲಿನ ಕಾನೂನು 2023ರ ಮಾರ್ಚ್ 29ರಿಂದ ಇನ್ನಷ್ಟು ಬಿಗಿಯಾಗಿದೆ. ನೆಟ್‌ಗೆ ಜೋಡಿಸುವ ವೈದ್ಯಕೀಯ ಸಾಧನಕ್ಕೆ ಅನುಮತಿ ಕೇಳುವ ಕಂಪನಿ, ಅದರೊಳಗೆ ಯಾವ್ಯಾವ ಸಾಫ್ಟ್‌ವೇರ್ ಭಾಗಗಳಿವೆ ಎಂಬ ಪೂರ್ತಿ ಪಟ್ಟಿ ಕೊಡಬೇಕು, ಲೋಪ ಸಿಕ್ಕಾಗ ಹೇಗೆ ತಿದ್ದುತ್ತೇವೆ ಅನ್ನೋ ಯೋಜನೆಯನ್ನೂ ಕೊಡಬೇಕು. ಅಂದರೆ ಬಾಟಲಿಯ ಚೀಟಿ.

ಆ ಚೀಟಿಯನ್ನು ಸಿದ್ಧಪಡಿಸೋಕೆ ಬರುವ ಇಂಜಿನಿಯರ್ ವೈಟ್‌ಫೀಲ್ಡಿನಲ್ಲಿ ಕೂತಿರ್ತಾಳೆ. ಅವಳ ಅಪ್ಪನನ್ನು ಎದೆನೋವು ಅಂತ ಸೇರಿಸಿದ ಊರ ಆಸ್ಪತ್ರೆಯ ಮಾನಿಟರಿಗೆ ಚೀಟಿ ಇರಲ್ಲ. ನಾನು ಓದಿರುವ ಸರ್ಕಾರಿ ಖರೀದಿ ಟೆಂಡರ್‌ಗಳಲ್ಲಿ ಪರದೆ ಎಷ್ಟು ಇಂಚು, ವಾರಂಟಿ ಎಷ್ಟು ವರ್ಷ, ಟ್ರಾಲಿಗೆ ಎಷ್ಟು ಚಕ್ರ ಅನ್ನೋದೆಲ್ಲ ಇರುತ್ತೆ. ಸಾಫ್ಟ್‌ವೇರ್ ಆವೃತ್ತಿ, ಅದರ ಬಿಡಿಭಾಗಗಳ ಪಟ್ಟಿ, ತಿದ್ದುಪಡಿ ಎಷ್ಟು ವರ್ಷ ಕೊಡ್ತೀರಿ ಅನ್ನೋ ಷರತ್ತನ್ನು ಹುಡುಕಿ ಹುಡುಕಿ ಸಾಕಾಗಿದೆ. ಅರ್ಹರಲ್ಲಿ ಕಡಿಮೆ ಬೆಲೆಯವರಿಗೆ ಟೆಂಡರ್ ಅನ್ನೋ ನಿಯಮದಲ್ಲಿ, ಕೇಳದ ಗುಣಕ್ಕೆ ಖರ್ಚು ಮಾಡುವ ಕಂಪನಿ ಸೋಲುತ್ತೆ. ಎರಡನೇ ಪ್ರೊಸೆಸರ್‌ಗೆ ದುಡ್ಡು ಬೇಕು, ಬೇರೆ ಅಲಾರಂ ಸರ್ಕ್ಯೂಟ್‌ಗೆ ದುಡ್ಡು ಬೇಕು, ಐದು ವರ್ಷ ತಿದ್ದುಪಡಿ ಕೊಡೋಕೆ ಒಂದು ತಂಡವನ್ನೇ ಸಾಕಬೇಕು. ಅದನ್ನೆಲ್ಲ ಬಿಟ್ಟವನೇ ಅಗ್ಗಕ್ಕೆ ಕೊಡ್ತಾನೆ, ಅವನದ್ದೇ ನಮ್ಮೂರಿಗೆ ಬರುತ್ತೆ.

ಹುಮನಾಬಾದ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ವಾಸನೆ ಬಗ್ಗೆ ಸುತ್ತಲಿನ ಊರಿನವರು ಎಷ್ಟು ಸಲ ದೂರು ಕೊಟ್ಟಿದ್ದಾರೆ ಅಂತ ಈ ಭಾಗದ ಓದುಗರಿಗೆ ಹೇಳಬೇಕಿಲ್ಲ. ವಾಸನೆ ಮೂಗಿಗೆ ಬಡಿಯುತ್ತೆ, ಜನ ಬೀದಿಗೆ ಬರ್ತಾರೆ. ಕೆಟ್ಟ ಕೋಡಿಗೆ ವಾಸನೆ ಇಲ್ಲ. ಮಾನಿಟರ್ ತಪ್ಪು ತೋರಿಸಿ ಸತ್ತವನ ಮರಣಪತ್ರದಲ್ಲಿ ಹೃದಯ ಸ್ತಂಭನ ಅಂತಲೇ ಬರುತ್ತೆ. ಸಾಧನಗಳಿಂದಾದ ತೊಂದರೆ ದಾಖಲಿಸೋಕೆ 2015ರಿಂದ ಕೇಂದ್ರದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ವಾರ್ಡಿನಲ್ಲಿರೋರಿಗೆ ಯಂತ್ರದ ಮೇಲೆ ಅನುಮಾನ ಬಂದರೆ ತಾನೇ ವರದಿ ಹೋಗೋದು.

ಹಾಗಾಗಿ ಕೇಳೋರು ಆಸ್ಪತ್ರೆಯ ಹೊರಗಿನವರೇ ಆಗಬೇಕು. ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಕೇಳಬಹುದು. ಕಲ್ಯಾಣ ಕರ್ನಾಟಕ ಮಂಡಳಿಯ ಹಣದಲ್ಲಿ ಯಂತ್ರ ಬಂದು ರಿಬ್ಬನ್ ಕತ್ತರಿಸುವ ದಿನ ಶಾಸಕರನ್ನೇ ಕೇಳಬಹುದು. ಇಲ್ಲಾಂದರೆ ಆರ್‌ಟಿಐ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇದಕ್ಕೆ ಅಷ್ಟೂ ಬೇಕಾಗಲ್ಲ: 'ತಮ್ಮ ಆಸ್ಪತ್ರೆಯಲ್ಲಿರುವ ವೆಂಟಿಲೇಟರ್, ರೋಗಿ ಮಾನಿಟರ್, ಇನ್‌ಫ್ಯೂಷನ್ ಪಂಪ್ ಮತ್ತು ಇಸಿಜಿ ಯಂತ್ರಗಳ ತಯಾರಕರ ಹೆಸರು, ಮಾದರಿ, ಸಾಫ್ಟ್‌ವೇರ್ ಆವೃತ್ತಿ, ಕೊನೆಯ ಬಾರಿ ಸಾಫ್ಟ್‌ವೇರ್ ನವೀಕರಿಸಿದ ದಿನಾಂಕ ಮತ್ತು ಬ್ಯಾಟರಿ ಪರೀಕ್ಷಿಸಿದ ದಿನಾಂಕಗಳ ದಾಖಲೆಯ ಪ್ರತಿ ಒದಗಿಸಿ.' ಆವೃತ್ತಿ ಸಂಖ್ಯೆ ಸಾಮಾನ್ಯವಾಗಿ ಯಂತ್ರದ ಸೆಟ್ಟಿಂಗ್ಸ್‌ನಲ್ಲೇ ಇರುತ್ತೆ, ನೋಡಿ ಬರೆದುಕೊಳ್ಳೋಕೆ ಐದು ನಿಮಿಷ. 'ಮಾಹಿತಿ ಲಭ್ಯವಿಲ್ಲ' ಅಂತ ಉತ್ತರ ಬಂದರೆ ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮೊದಲ ಮೇಲ್ಮನವಿಗೆ ಇನ್ನೂ 30 ದಿನ ಇರುತ್ತೆ.